ಹಸಿರು ರಸಾಯನಶಾಸ್ತ್ರ: ಪಾಠ ಆರಂಭವಾಗಲಿ ಬಟ್ಟೆ ಒಗೆಯುವ ಕಲ್ಲಿನಿಂದ

ಹೊಸೂರು ಸಮೀಪದ ಕೆಲವರಪಳ್ಳಿ ಅಣೆಕಟ್ಟೆಯಿಂದ ನೀರು ಬಿಟ್ಟಾಗ ನದಿಯಲ್ಲಿ ಬಿಳಿ ನೊರೆ ಗುಡ್ಡದಂತೆ ಏಳುವುದನ್ನು ಈ ಭಾಗದ ಜನ ಹಲವು ಬಾರಿ ಕಂಡಿದ್ದಾರೆ. ನಾವು ದಕ್ಷಿಣ ಪಿನಾಕಿನಿ ಎಂದೂ ತಮಿಳಿನಲ್ಲಿ ತೆನ್‌ಪೆಣ್ಣೈ ಎಂದೂ ಕರೆಯುವ ಈ ನದಿಗೆ ಬೆಂಗಳೂರಿನ ಬೆಳ್ಳಂದೂರು, ವರ್ತೂರು ಕೆರೆಗಳ ಕೊಳಚೆ ನೀರು ದಾರಿಯಲ್ಲಿ ಸೇರುತ್ತದೆ. ಸೋಪಿನ ಪುಡಿಯ ಅಂಶವಿರುವ ನೀರು ಮೇಲಿನಿಂದ ಧುಮುಕಿದಾಗ ಗಾಳಿ ಬೆರೆತು ನೊರೆಯಾಗುತ್ತದೆ. ಇದೇ ನೀರು ಕಾಲುವೆಯಲ್ಲಿ ಹೊಲಗಳಿಗೂ ಹರಿಯುತ್ತದೆ.

ಕೊಳೆಯಾದ ಮೇಲೆ ಶುದ್ಧ ಮಾಡುವುದು ಒಂದು ದಾರಿ. ಕೊಳೆಯೇ ಆಗದಂತೆ ವಸ್ತುವನ್ನು ತಯಾರಿಸಿ ಬಳಸುವುದು ಇನ್ನೊಂದು ದಾರಿ. ಈ ಎರಡನೆಯದೇ ಹಸಿರು ರಸಾಯನಶಾಸ್ತ್ರ. ಅಮೆರಿಕದ ಪಾಲ್ ಅನಸ್ತಾಸ್ ಮತ್ತು ಜಾನ್ ವಾರ್ನರ್ 1998ರಲ್ಲಿ ಇದರ 12 ತತ್ವಗಳನ್ನು ಪ್ರಕಟಿಸಿದರು. ತ್ಯಾಜ್ಯ ಹುಟ್ಟದಂತೆ ತಡೆಯುವುದೇ ಮೊದಲನೆಯ ತತ್ವ.

ಇದನ್ನು ಮಕ್ಕಳಿಗೆ ಬಾಯಿಪಾಠ ಮಾಡಿಸುವ ಬದಲು ಕೈಯಾರೆ ಮಾಡಿಸಬಹುದು. ದುಬಾರಿ ಪ್ರಯೋಗಾಲಯ ಬೇಕಿಲ್ಲ.

ಮಾಡುವ ವಿಧಾನ

ನಾಲ್ಕು ತಟ್ಟೆಗಳಲ್ಲಿ ಬಟ್ಟೆ ಹಾಸಿ ತಲಾ 20 ರಾಗಿ ಕಾಳು ಇಡಬೇಕು. ಒಂದಕ್ಕೆ ಬರೀ ನೀರು, ಉಳಿದವಕ್ಕೆ ಸೋಪಿನ ಪುಡಿಯ ನೀರು, ಬಾರ್ ಸೋಪಿನ ನೀರು, ಅಂಟುವಾಳದ (ತಮಿಳಿನಲ್ಲಿ ಪೂಂದಿಕೊಟ್ಟೈ) ನೀರು ಹಾಕಬೇಕು. ನೀರಿನ ಅಳತೆ, ನೆರಳು, ಹೊತ್ತು ಎಲ್ಲಕ್ಕೂ ಒಂದೇ ಇರಬೇಕು. ಐದನೇ ದಿನ ಎಷ್ಟು ಕಾಳು ಮೊಳೆತಿವೆ, ಬೇರು ಎಷ್ಟು ಉದ್ದ ಎಂದು ಬರೆದಿಡಬೇಕು. ದ್ರಾವಣವನ್ನು ಅರ್ಧಕ್ಕೆ, ಕಾಲು ಭಾಗಕ್ಕೆ ತೆಳುಮಾಡಿ ಮತ್ತೆ ನೋಡಬೇಕು. ಕನಿಷ್ಠ ಮೂರು ಸಲ ಮಾಡದೆ ತೀರ್ಮಾನಕ್ಕೆ ಬರಬಾರದು.

ಜೊತೆಗೆ ಅರಿಶಿನ ಹಚ್ಚಿ ಒಣಗಿಸಿದ ಕಾಗದವನ್ನು ಈ ನೀರುಗಳಲ್ಲಿ ಅದ್ದಿ ನೋಡಬಹುದು. ಸೋಪು ಕ್ಷಾರವಾದ್ದರಿಂದ ಕಾಗದ ಕೆಂಪಾಗುತ್ತದೆ. ಅಂಟುವಾಳದ ನೀರು ತುಸು ಆಮ್ಲೀಯ, ಹಾಗಾಗಿ ಹಳದಿ ಬಣ್ಣ ಉಳಿಯುತ್ತದೆ.

ಹಸಿರು ಎಂದರೆ ನಿರಪಾಯವೇ?

ಶಿಕ್ಷಕರು ಇಲ್ಲಿ ಎಚ್ಚರ ವಹಿಸಬೇಕು. ಅಂಟುವಾಳದ ನೊರೆಗೆ ಕಾರಣವಾದ ಸಪೋನಿನ್ ಮೀನುಗಳಿಗೆ ವಿಷ. ಗಿಡದಿಂದ ಬಂದದ್ದೆಲ್ಲ ಒಳ್ಳೆಯದು, ಕಾರ್ಖಾನೆಯದೆಲ್ಲ ಕೆಟ್ಟದ್ದು ಎಂಬ ತೀರ್ಪನ್ನು ಮೊದಲೇ ಹೇಳಿಕೊಟ್ಟರೆ ಅದು ವಿಜ್ಞಾನವಾಗದು. ಯಾವುದು, ಎಷ್ಟು ಪ್ರಮಾಣದಲ್ಲಿ, ಯಾರಿಗೆ ಹಾನಿ ಎಂಬುದನ್ನು ಮಕ್ಕಳೇ ಅಳೆದು ಕಂಡುಕೊಳ್ಳಬೇಕು. ದ್ರಾವಣವನ್ನು ಬೇಕಾದಷ್ಟೇ ಮಾಡಿ, ಮಿಕ್ಕಿದ್ದರಲ್ಲಿ ಬಟ್ಟೆ ಒಗೆದರೆ ಅದೂ ಪಾಠವೇ. ಕಣ್ಣಿಗೆ ತಾಗದಂತೆ ನೋಡಿಕೊಳ್ಳಬೇಕು.

ಎಲ್ಲಿ ಮಂಡಿಸಬಹುದು?

1993ರಲ್ಲಿ ಆರಂಭವಾದ ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶದಲ್ಲಿ 10ರಿಂದ 17 ವರ್ಷದ ಮಕ್ಕಳು ಸ್ಥಳೀಯ ಸಮಸ್ಯೆ ಕುರಿತು ತಂಡವಾಗಿ ಅಧ್ಯಯನ ನಡೆಸಿ ವರದಿ ಮಂಡಿಸುತ್ತಾರೆ. ತಮಿಳುನಾಡಿನಲ್ಲಿ ತಮಿಳುನಾಡು ವಿಜ್ಞಾನ ವೇದಿಕೆ (ತಮಿಳ್‌ನಾಡು ಅರಿವಿಯಲ್ ಇಯಕ್ಕಂ), ಕರ್ನಾಟಕದಲ್ಲಿ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು ಇದನ್ನು ಸಂಘಟಿಸುತ್ತ ಬಂದಿವೆ.

ಥರ್ಮಾಕೋಲ್ ಮಾದರಿ ಮಾಡಿ ಬಹುಮಾನ ಪಡೆದು, ಮರುದಿನ ಅದನ್ನೇ ಕಸಕ್ಕೆ ಎಸೆಯುವ ಪ್ರದರ್ಶನಗಳನ್ನು ನಾವು ಸಾಕಷ್ಟು ನೋಡಿದ್ದೇವೆ. ನದಿಗೆ ರಾಜ್ಯದ ಗಡಿ ಗೊತ್ತಿಲ್ಲ. ಮೇಲಿನ ಊರಿನ ಮಕ್ಕಳೂ ಕೆಳಗಿನ ಊರಿನ ಮಕ್ಕಳೂ ಒಂದೇ ಪ್ರಯೋಗ ಮಾಡಿ ಲೆಕ್ಕ ಹೋಲಿಸಿದರೆ, ತಮ್ಮ ಮನೆಯ ಬಚ್ಚಲ ನೀರು ಯಾರ ಹೊಲ ಸೇರುತ್ತದೆ ಎಂಬುದು ಇಬ್ಬರಿಗೂ ತಿಳಿಯುತ್ತದೆ.