ಆಡಿನ ಹಾಲು ಮತ್ತು ಬೆಂಚಿನ ಮೇಲೆ ನಿಂತ ಹುಡುಗ

ಕಳೆದ ಮಾಘ ಮಾಸದಲ್ಲಿ ನನ್ನ ತಂಗಿಯ ಮಗನ ಗೃಹಪ್ರವೇಶಕ್ಕೆ ಹೋಗಿದ್ದೆ. ಹಾಲು, ಮೊಸರು, ತುಪ್ಪಗಳನ್ನು ಬಿಟ್ಟು ಆಗ ನನಗೆ ಐದು ತಿಂಗಳು ತುಂಬಿತ್ತು. ಎಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ ಈ ಮುದುಕನಿಗೆ ಇದೆಂತಹ ಹೊಸ ಹುಚ್ಚು ಎಂದು ಬಂಧುಗಳು ನಗುವುದು ಸಹಜವೇ. ನಮ್ಮ ಬೀದಿಯಲ್ಲಿ ಹುಟ್ಟಿದ ಒಂದು ಗಂಡು ಕರುವಿನ ಗತಿಯನ್ನು ಹದಿನೈದು ದಿನ ಕಣ್ಣಾರೆ ಕಂಡದ್ದು ಅದಕ್ಕೆ ಕಾರಣ. ಆ ಕಥೆಯನ್ನು ಇಲ್ಲಿ ಬೆಳೆಸುವುದಿಲ್ಲ. ಪಾಯಸ ಬಂದಾಗ ಕೈ ಅಡ್ಡ ಹಿಡಿದೆ. ಎಲೆಗೆ ತುಪ್ಪ ಹಾಕಲು ಬಂದವನನ್ನು ಸಾಗಹಾಕಿದೆ. ಕೊನೆಗೆ ಮೊಸರನ್ನ ಬಂದಿತು. ಇಂಗು ಸಾಸಿವೆಯ ಒಗ್ಗರಣೆ, ಸಣ್ಣಗೆ ಹೆಚ್ಚಿದ ಶುಂಠಿ, ಮೇಲೆ ನಾಲ್ಕು ದಾಳಿಂಬೆ ಕಾಳು. ಬಡಿಸುವ ಹುಡುಗನಿಗೆ ನನ್ನ ವ್ರತ ತಿಳಿಯದು. ನಾನೂ ಕೈ ಅಡ್ಡ ಹಿಡಿಯಲಿಲ್ಲ. ತಿಂದೆ. ತಿಂದ ಮೇಲೆ, "ಹೇಗೂ ಕೆಟ್ಟಿತು, ಇನ್ನು ಬಿಟ್ಟೇನು ಪ್ರಯೋಜನ?" ಎಂದು ಮನಸ್ಸು ನ್ಯಾಯ ಹೇಳಿತು. ಎರಡನೆಯ ಬಾರಿಯೂ ಬಡಿಸಿಕೊಂಡೆ. ಎದುರು ಪಂಕ್ತಿಯಲ್ಲಿ ಕುಳಿತಿದ್ದ ತಂಗಿ, "ಅಣ್ಣಯ್ಯ, ಬಿಟ್ಟಿದ್ದೀಯ ಅಂದಿದ್ದೆಯಲ್ಲ?" ಎಂದಳು. ಉತ್ತರ ಹೊಳೆಯದೆ, "ಮೊಸರಿನಲ್ಲಿ ಹಾಲು ಎಲ್ಲಿದೆ?" ಎಂದುಬಿಟ್ಟೆ. ಎಲ್ಲರೂ ನಕ್ಕರು, ನಾನೂ ನಕ್ಕೆ.

ಆ ರಾತ್ರಿ ನಿದ್ರೆ ಬರಲಿಲ್ಲ. ಕಾಡಿದ್ದು ಮೊಸರಲ್ಲ, ಆ ಜಾಣ ಉತ್ತರ. ಅದರ ಜೊತೆಗೇ 1986ರ ಒಂದು ತರಗತಿಯೂ ನೆನಪಿಗೆ ಬಂದಿತು.

ಎಂಟನೆಯ ತರಗತಿಗೆ ನಾನು ಗಾಂಧೀಜಿಯವರ ಜೀವನವನ್ನು ಬೋಧಿಸುತ್ತಿದ್ದೆ. ಸತ್ಯಸಂಧತೆ, ಪ್ರತಿಜ್ಞಾಪಾಲನೆ ಎಂದೆಲ್ಲ ಹೇಳಿ, ಅವರು ಆಡಿನ ಹಾಲನ್ನು ಮಾತ್ರ ಕುಡಿಯುತ್ತಿದ್ದರೆಂದೂ ಹಸುವಿನ ಹಾಲನ್ನು ಬಿಡುವುದಾಗಿ ಪ್ರತಿಜ್ಞೆ ಮಾಡಿದ್ದರೆಂದೂ ಬಣ್ಣಿಸಿದೆ. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, "ಆಡಿನ ಹಾಲೂ ಹಾಲೇ ಅಲ್ಲವಾ ಸಾರ್? ಹಾಗಾದರೆ ಪ್ರತಿಜ್ಞೆ ಮುರಿದ ಹಾಗಾಯಿತಲ್ಲ?" ಎಂದು ಕೇಳಿದ. ತರಗತಿ ಗೊಳ್ಳೆಂದು ನಕ್ಕಿತು. ಮಹಾತ್ಮರನ್ನು ಅಪಹಾಸ್ಯ ಮಾಡುವ ಉದ್ಧಟತನವೆಂದು ಭಾವಿಸಿದ ನಾನು ಅವನನ್ನು ಗಂಟೆ ಬಾರಿಸುವವರೆಗೆ ಬೆಂಚಿನ ಮೇಲೆ ನಿಲ್ಲಿಸಿದೆ. ಗಾಂಧೀಜಿಯವರ ಆತ್ಮಕಥೆಯನ್ನು ನಾನು ಅಂದಿಗೆ ಪೂರ್ತಿಯಾಗಿ ಓದಿರಲಿಲ್ಲ. ಪಾಠಪುಸ್ತಕ ಮತ್ತು ಕೇಳಿದ ಕಥೆಗಳು, ಇವಿಷ್ಟೇ ನನ್ನ ಬಂಡವಾಳವಾಗಿದ್ದವು.

ಗೃಹಪ್ರವೇಶದಿಂದ ಹಿಂದಿರುಗಿದ ಮೇಲೆ ಆ ಪುಸ್ತಕವನ್ನು ಮೊದಲಿನಿಂದ ಕೊನೆಯವರೆಗೆ ಓದಿದೆ. ಓದಿ ತಿಳಿದದ್ದನ್ನು ಕ್ರಮವಾಗಿ ಹೇಳುತ್ತೇನೆ.

ನಾಲಗೆಯ ವಿಷಯದಲ್ಲಿ ಗಾಂಧೀಜಿ ಮೊದಲು ಎಡವಿದ್ದು ರಾಜಕೋಟೆಯಲ್ಲಿ, ಹೈಸ್ಕೂಲು ಓದುವ ವಯಸ್ಸಿನಲ್ಲಿ. ಮಾಂಸ ತಿನ್ನುವುದರಿಂದಲೇ ಇಂಗ್ಲಿಷರು ಬಲಿಷ್ಠರು ಎಂದು ನಂಬಿಸಿದ ಗೆಳೆಯನೊಡನೆ ಹೊಳೆಯ ದಂಡೆಗೆ ಹೋಗಿ ಗುಟ್ಟಾಗಿ ಆಡಿನ ಮಾಂಸ ತಿಂದರು. ಅಂದಿನ ರಾತ್ರಿ ಹೊಟ್ಟೆಯೊಳಗೆ ಜೀವಂತ ಆಡು ಅರಚಿದಂತೆ ಅನಿಸಿತಂತೆ. ಆದರೂ ಒಂದು ವರ್ಷದ ಅವಧಿಯಲ್ಲಿ ಹೆಚ್ಚೆಂದರೆ ಐದಾರು ಬಾರಿ ಅದು ಮುಂದುವರಿಯಿತು. ಕೊನೆಗೆ ಅವರು ಅದನ್ನು ನಿಲ್ಲಿಸಿದ್ದು ಆಡಿನ ಮೇಲಿನ ಕನಿಕರದಿಂದಲ್ಲ. ಹಸಿವಿಲ್ಲವೆಂದು ತಾಯಿಗೆ ಸುಳ್ಳು ಹೇಳುವುದು ಸಹಿಸಲಾರದ್ದಾಯಿತು. ಜೀವನದ ಕಡೆಯವರೆಗೆ ಆಡು ಅವರ ಬೆನ್ನು ಬಿಡಲಿಲ್ಲವೆಂಬುದು ವಿಚಿತ್ರವಾದರೂ ನಿಜ.

1888ರಲ್ಲಿ ಲಂಡನ್ನಿಗೆ ಹೊರಡುವ ಮುನ್ನ ಮದ್ಯ, ಮಾಂಸ, ಸ್ತ್ರೀಸಂಗಗಳನ್ನು ಮುಟ್ಟುವುದಿಲ್ಲವೆಂದು ತಾಯಿಯ ಎದುರಿಗೆ ಪ್ರತಿಜ್ಞೆ ಮಾಡಿದ್ದರಷ್ಟೆ. ಫ್ಯಾರಿಂಗ್ಡನ್ ಬೀದಿಯ ಸಸ್ಯಾಹಾರಿ ಹೋಟೆಲಿನಲ್ಲಿ ಕೊಂಡ ಹೆನ್ರಿ ಸಾಲ್ಟ್ ಅವರ ಪುಸ್ತಕ ಅವರನ್ನು ವಿಚಾರದಿಂದಲೂ ಸಸ್ಯಾಹಾರಿಯನ್ನಾಗಿ ಮಾಡಿತು. ಅಲ್ಲಿಯೇ ಮಾಂಸವೆಂದರೆ ಏನು ಎಂಬ ಪ್ರಶ್ನೆ ಎದ್ದಿತು. ಪ್ರಾಣಿಪಕ್ಷಿಗಳ ಮಾಂಸವಷ್ಟೇ ಮಾಂಸವೆನ್ನುವವರಿದ್ದರು. ಮೀನನ್ನು ಸೇರಿಸಿ ಮೊಟ್ಟೆಯನ್ನು ಬಿಟ್ಟುಬಿಡುವವರಿದ್ದರು. ಹಾಲು ಮೊಟ್ಟೆಗಳೂ ಅದರಲ್ಲಿ ಸೇರಿದವೇ ಎನ್ನುವವರೂ ಇದ್ದರು. ಮೊದಲ ಅರ್ಥವನ್ನು ಹಿಡಿದರೆ ಮೀನೂ ತಿನ್ನಬಹುದಿತ್ತು. ಗಾಂಧೀಜಿ ಕೆಲವು ಕಾಲ ಮೊಟ್ಟೆ ತಿಂದರು. ಆಮೇಲೆ, ಪ್ರತಿಜ್ಞೆ ಮಾಡಿಸಿದ ತಾಯಿಯ ಮನಸ್ಸಿನಲ್ಲಿ ಯಾವ ಅರ್ಥವಿತ್ತೋ ಅದೇ ತಮ್ಮನ್ನು ಕಟ್ಟುತ್ತದೆಂದು ತೀರ್ಮಾನಿಸಿ ಬಿಟ್ಟರು. ಕೇಕು, ಪುಡಿಂಗುಗಳಲ್ಲಿ ಮೊಟ್ಟೆ ಅಡಗಿರುತ್ತಿದ್ದುದರಿಂದ ಬಡಿಸುವವರನ್ನು ಪ್ರತಿಯೊಂದಕ್ಕೂ ಕೇಳಬೇಕಾಗುತ್ತಿತ್ತು. ಬಿಸ್ಕತ್ತಿನ ಪೊಟ್ಟಣವನ್ನು ಭೂತಗನ್ನಡಿ ಹಿಡಿದು ಓದುವ ನನಗೆ ಇದನ್ನು ಓದಿ ಎಷ್ಟೋ ಸಮಾಧಾನವಾಯಿತು.

ಹಾಲಿನ ಮಾತು ಬಂದದ್ದು ದಕ್ಷಿಣ ಆಫ್ರಿಕದಲ್ಲಿ. ಹಾಲು ಇಂದ್ರಿಯವಿಕಾರಕ್ಕೆ ಕಾರಣವೆಂದು ರಾಯಚಂದಭಾಯಿಯವರಿಂದ ಅವರು ಮೊದಲೇ ಕೇಳಿದ್ದರು. ಅದರ ಮೇಲೆ, ಕಲ್ಕತ್ತೆಯಲ್ಲಿ ಹಸು ಎಮ್ಮೆಗಳ ಕೆಚ್ಚಲಿನ ಕಡೆಯ ತೊಟ್ಟನ್ನೂ ಹಿಂಡಲು ನಡೆಸುತ್ತಿದ್ದ 'ಫೂಕಾ' ಮೊದಲಾದ ಹಿಂಸೆಗಳನ್ನು ಕುರಿತ ಬರಹಗಳು ಕೈಸೇರಿದವು. ಜೋಹಾನ್ಸ್‌ಬರ್ಗಿನ ಹತ್ತಿರದ 1100 ಎಕರೆಯ ಟಾಲ್‌ಸ್ಟಾಯ್ ಫಾರ್ಮಿನಲ್ಲಿ, ಗೆಳೆಯ ಹರ್ಮನ್ ಕಾಲೆನ್‌ಬಾಕ್ ಅವರೊಡನೆ 1912ರಲ್ಲಿ ಹಾಲನ್ನು ತೊರೆದರು. ಹಸಿ ಕಡಲೆಕಾಯಿ, ಬಾಳೆಹಣ್ಣು, ಖರ್ಜೂರ, ನಿಂಬೆಹಣ್ಣು, ಆಲಿವ್ ಎಣ್ಣೆ, ಇವೇ ಅವರ ಆಹಾರವಾದವು. 1914ರಲ್ಲಿ ಲಂಡನ್ನಿನಲ್ಲಿ ಎದೆಯ ಪೊರೆಯ ಉರಿಯೂತದಿಂದ ಮಲಗಿದಾಗ ಗೋಖಲೆಯವರಂತಹ ಗುರುವೇ ಹಾಲು ಕುಡಿಯೆಂದು ಒತ್ತಾಯಿಸಿದರೂ ಒಪ್ಪಲಿಲ್ಲ. ಇಲ್ಲಿಯವರೆಗಿನದು ನಾನು ತರಗತಿಯಲ್ಲಿ ಹೇಳಬಹುದಾಗಿದ್ದ ಕಥೆ.

1918ರಲ್ಲಿ ಖೇಡಾ ಜಿಲ್ಲೆಯಲ್ಲಿ ಸೈನ್ಯಕ್ಕೆ ಜನರನ್ನು ಸೇರಿಸುತ್ತ ಹಳ್ಳಿಹಳ್ಳಿ ಅಲೆಯುವಾಗ, ಅರೆದ ಕಡಲೆಕಾಯಿ ಮತ್ತು ನಿಂಬೆಹಣ್ಣಿನಲ್ಲೇ ದಿನ ದೂಡಿ ಅವರ ಆರೋಗ್ಯ ಕೆಟ್ಟಿತು. ಆಮಶಂಕೆ ಕಾಣಿಸಿಕೊಂಡಿತು. ಒಪ್ಪೊತ್ತು ಉಪವಾಸವಿದ್ದು ಸುಧಾರಿಸುವಷ್ಟರಲ್ಲಿ ಆಶ್ರಮದಲ್ಲಿ ಒಂದು ಹಬ್ಬ ಬಂದಿತು. ಅವರು ಹಾಲು ತುಪ್ಪ ಮುಟ್ಟುವುದಿಲ್ಲವೆಂದು ಕಸ್ತೂರಬಾ ಎಣ್ಣೆ ಹಾಕಿ ಗೋಧಿಯ ಸಿಹಿಯನ್ನು ಮಾಡಿ, ಜೊತೆಗೆ ಹೆಸರುಕಾಳನ್ನೂ ಇಟ್ಟಿದ್ದರು. ಸ್ವಲ್ಪ ತಿಂದು ಅವಳನ್ನು ಸಂತೋಷಪಡಿಸೋಣವೆಂದು ಕುಳಿತವರು ಹೊಟ್ಟೆ ತುಂಬ ತಿಂದರು. ಒಂದು ಗಂಟೆ ಕಳೆಯುವುದರೊಳಗೆ ರೋಗ ಉಲ್ಬಣಿಸಿತು. ಗಮನಿಸಿ, ಆ ತಿಂಡಿಯಲ್ಲಿ ವ್ರತಕ್ಕೆ ವಿರುದ್ಧವಾದದ್ದು ಒಂದು ತೊಟ್ಟೂ ಇರಲಿಲ್ಲ. ಇಂದಿನವರ ಮಾತಿನಲ್ಲಿ ಹೇಳುವುದಾದರೆ ಅದು ಅಪ್ಪಟ ವೀಗನ್ ಭಕ್ಷ್ಯ. ಬಿಟ್ಟದ್ದರ ಆಸೆಯಷ್ಟೇ ಬಿಡದೆ ಉಳಿದದ್ದರ ಆಸೆಯೂ ಮನುಷ್ಯನನ್ನು ಕೆಡವುತ್ತದೆ.

ಅದೇ ದಿನ ಸಂಜೆ ನಡಿಯಾದಿಗೆ ಹೋದರು. ಅಲ್ಲಿ ಇಪ್ಪತ್ತನಾಲ್ಕು ಗಂಟೆಗಳಲ್ಲಿ ಮೂವತ್ತು ನಲವತ್ತು ಬಾರಿ ಭೇದಿಯಾಯಿತು. ಔಷಧವನ್ನೂ ಒಲ್ಲೆನೆಂದರು. ಅಂಬಾಲಾಲ್ ಸಾರಾಭಾಯಿಯವರು ಅಹಮದಾಬಾದಿನ ತಮ್ಮ ಬಂಗಲೆಗೆ ಕರೆದೊಯ್ದು ಉಪಚರಿಸಿದರು. ಇನ್ನು ಬದುಕಲಾರೆನೆಂದು ಗಾಂಧೀಜಿಯೇ ನಂಬಿದ್ದ ದಿನಗಳವು. ಮಾಥೆರಾನಿನ ನೀರು ಹಿಡಿಸದೆ ಮುಂಬಯಿಗೆ ಬಂದಾಗ, 1919ರ ಆರಂಭದಲ್ಲಿ, ಡಾ. ದಲಾಲರು ಪರೀಕ್ಷಿಸಿ, ಹಾಲು ತೆಗೆದುಕೊಳ್ಳದೆ ಈ ದೇಹವನ್ನು ಮತ್ತೆ ಕಟ್ಟುವುದು ಸಾಧ್ಯವಿಲ್ಲವೆಂದರು. ಚುಚ್ಚುಮದ್ದಿಗೆ ಒಪ್ಪಿದ ರೋಗಿ ಹಾಲಿಗೆ ಒಪ್ಪಲಿಲ್ಲ. ಪ್ರತಿಜ್ಞೆಯ ಸ್ವರೂಪವೇನೆಂದು ವೈದ್ಯರು ವಿಚಾರಿಸಿದಾಗ ಹಸು ಎಮ್ಮೆಗಳ ಹಿಂಸೆಯ ಕಥೆಯನ್ನೆಲ್ಲ ಹೇಳಿದರು. ಮಂಚದ ಬಳಿ ನಿಂತು ಕೇಳುತ್ತಿದ್ದ ಕಸ್ತೂರಬಾ, ಹಾಗಿದ್ದರೆ ಆಡಿನ ಹಾಲಿಗೆ ಅಡ್ಡಿಯಿರಲಾರದಲ್ಲ ಎಂದರು. ವೈದ್ಯರು ಅದನ್ನೇ ಹಿಡಿದುಕೊಂಡರು. ಗಾಂಧೀಜಿ ಸೋತರು.

ಕಸ್ತೂರಬಾ ಅವರ ಈ ಮಾತನ್ನು ಜಾಣತನವೆಂದು ಹೊಗಳುವವರಿದ್ದಾರೆ. ತಿಂಗಳುಗಟ್ಟಲೆ ಗಂಡನ ಮೂಳೆ ಚರ್ಮಗಳನ್ನು ನೋಡುತ್ತ ನಿಂತಿದ್ದ ಹೆಂಗಸಿನ ಸಂಕಟವೆಂದು ನಾನು ಓದಿಕೊಳ್ಳುತ್ತೇನೆ.

ಮುಂದೆ ಗಾಂಧೀಜಿ ಏನು ಬರೆದರೆಂಬುದೇ ನನ್ನನ್ನು ಕುರ್ಚಿಯಿಂದ ಎಬ್ಬಿಸಿದ್ದು. ಪ್ರತಿಜ್ಞೆ ಮಾಡುವಾಗ ತಮ್ಮ ಮನಸ್ಸಿನಲ್ಲಿ ಹಸು ಎಮ್ಮೆಗಳಷ್ಟೇ ಇದ್ದುದು ನಿಜ; ಆದರೆ ಸಹಜವಾಗಿ ಅದು ಎಲ್ಲ ಪ್ರಾಣಿಗಳ ಹಾಲಿಗೂ ಅನ್ವಯಿಸಬೇಕಾದದ್ದು; ತಾವು ಅಕ್ಷರವನ್ನು ಮಾತ್ರ ಉಳಿಸಿಕೊಂಡು ಅದರ ಪ್ರಾಣವನ್ನು ಕೊಂದೆವು ಎಂಬುದು ಅವರ ಮಾತಿನ ತಾತ್ಪರ್ಯ. ಸತ್ಯಾಗ್ರಹ ನಡೆಸಬೇಕೆಂಬ ಆಸೆಯಿಂದ ಬದುಕುವ ಆಸೆಯೂ ಹುಟ್ಟಿತೆಂದು, ಆ ಪಶ್ಚಾತ್ತಾಪ ತಮ್ಮನ್ನು ಇನ್ನೂ ಚುಚ್ಚುತ್ತಿದೆಯೆಂದು ಒಪ್ಪಿಕೊಂಡಿದ್ದಾರೆ. 1925ರಿಂದ 'ನವಜೀವನ'ದಲ್ಲಿ ಕಂತುಕಂತಾಗಿ, ಇಡೀ ದೇಶ ಓದುವಂತೆ ಪ್ರಕಟವಾದ ಬರಹವಿದು. ಎಂಟನೆಯ ತರಗತಿಯ ಹುಡುಗ ಕೇಳಿದ ಪ್ರಶ್ನೆಯನ್ನು ಗಾಂಧೀಜಿ ಸ್ವತಃ ಕೇಳಿಕೊಂಡು, ಹೌದು ಎಂದು ಉತ್ತರಿಸಿದ್ದರು. ಅವರ ಪರವಾಗಿ ಸಿಟ್ಟಾದವನು ನಾನು!

ಸೋತ ಮೇಲೆ ಅವರು ಹೇಗೆ ನಡೆದುಕೊಂಡರೆಂಬುದನ್ನೂ ನೋಡಬೇಕು. ಆಡಿನ ಹಾಲು ಹಾಲಲ್ಲ ಎಂದು ಅವರು ಎಲ್ಲಿಯೂ ವಾದಿಸಲಿಲ್ಲ. ಹೇಗೂ ಮುರಿಯಿತೆಂದು ಹಸುವಿನ ಹಾಲಿಗೂ ಕೈ ಚಾಚಲಿಲ್ಲ. 1929ರಲ್ಲಿ ಬೇಯಿಸದ ಆಹಾರದ ಪ್ರಯೋಗಕ್ಕೆ ಇಳಿದು ಹಾಲನ್ನು ಮತ್ತೆ ಬಿಡಲು ನೋಡಿದರು. ಕಾಯಿಲೆ ಬಿದ್ದು ಮತ್ತೆ ಆಡಿನ ಹಾಲಿಗೇ ಬಂದರು. 1931ರ ನವೆಂಬರ್ 20ರಂದು ಲಂಡನ್ ಸಸ್ಯಾಹಾರಿ ಸಂಘದಲ್ಲಿ ಮಾತನಾಡಿದಾಗ ವೇದಿಕೆಯ ಮೇಲೆ ಅದೇ ಹೆನ್ರಿ ಸಾಲ್ಟ್ ಕುಳಿತಿದ್ದರು. ಅವರಿಗಾಗ ಎಂಬತ್ತು ವರ್ಷ. ಕೇವಲ ಆರೋಗ್ಯಕ್ಕಾಗಿ ಸಸ್ಯಾಹಾರಿಗಳಾದವರು ಬಹುಮಟ್ಟಿಗೆ ಹಿಂದಕ್ಕೆ ಜಾರುತ್ತಾರೆಂದೂ, ನೈತಿಕವಾದ ನೆಲೆಯಿಲ್ಲದೆ ಅದು ನಿಲ್ಲದೆಂದೂ ಅಲ್ಲಿ ಹೇಳಿದರು. ಅದೇ ಉಸಿರಿನಲ್ಲಿ, ಹಾಲಿಗೆ ಹಿಂದಿರುಗಬೇಕಾದದ್ದು ತಮ್ಮ ಬಾಳಿನ ದುರಂತವೆಂದೂ ಹೇಳಿದರು. ಸನ್ಮಾನಿಸಲು ಕರೆದವರ ಎದುರಿಗೆ ಹೀಗೆ ಹೇಳಿಕೊಳ್ಳಲು ಎಂತಹ ಎದೆ ಬೇಕು!

ನಮ್ಮ ನಾಡಿಗೂ ಈ ಕಥೆಯಲ್ಲಿ ಒಂದು ಮೂಲೆಯಿದೆ. 1927ರಲ್ಲಿ ಆರೋಗ್ಯ ಕೆಟ್ಟು ನಂದಿಬೆಟ್ಟದಲ್ಲಿ ವಿಶ್ರಾಂತಿ ಪಡೆದ ಗಾಂಧೀಜಿ ಬೆಂಗಳೂರಿಗಿಳಿದಾಗ ಆಡುಗೋಡಿಯ ಇಂಪೀರಿಯಲ್ ಡೈರಿಗೆ ಹೋಗಿ, ಹಸು ಸಾಕುವ ಕ್ರಮವನ್ನು ವಿದ್ಯಾರ್ಥಿಯಂತೆ ಕಲಿತರು. ತಾನು ಕುಡಿಯದ ಹಾಲಿನ ಹಸು ಸುಖವಾಗಿರಲೆಂದು ಪಾಠ ಹೇಳಿಸಿಕೊಂಡವರನ್ನು ನಾನು ಬೇರೆಲ್ಲೂ ಕಂಡಿಲ್ಲ. (ಆ ಬಡಾವಣೆಯ ಹೆಸರಿನಲ್ಲಿಯೂ ಆಡು ಇರುವುದು ಕಾಕತಾಳೀಯವೆನ್ನೋಣ.)

1942ರಲ್ಲಿ ಆಗಾಖಾನ್ ಅರಮನೆಯ ಸೆರೆಯಲ್ಲಿ ಆರೋಗ್ಯವನ್ನು ಕುರಿತು ಬರೆದಾಗಲೂ, ಹಾಲಿನ ಗುಣವುಳ್ಳ ವಸ್ತು ಸಸ್ಯಲೋಕದಲ್ಲಿ ಎಲ್ಲೋ ಇರಲೇಬೇಕೆಂಬ ನಂಬಿಕೆಯನ್ನು ಅವರು ಬಿಟ್ಟಿರಲಿಲ್ಲ. ಎರಡು ವರ್ಷಗಳ ನಂತರ, 1944ರ ನವೆಂಬರಿನಲ್ಲಿ, ಇಂಗ್ಲೆಂಡಿನ ಡೊನಾಲ್ಡ್ ವಾಟ್ಸನ್ ಎಂಬವರು ಕೆಲವೇ ಗೆಳೆಯರೊಡನೆ ಸಂಘವೊಂದನ್ನು ಕಟ್ಟಿದರು. 'ವೆಜಿಟೇರಿಯನ್' ಎಂಬ ಪದದ ಆದಿಯನ್ನೂ ಅಂತ್ಯವನ್ನೂ ಕೂಡಿಸಿ 'ವೀಗನ್' ಎಂಬ ಹೆಸರು ಹುಟ್ಟಿದ್ದು ಆಗಲೇ. ವಾಟ್ಸನ್ ನಮ್ಮ ವೃತ್ತಿಬಾಂಧವರು, ಮರಗೆಲಸ ಕಲಿಸುವ ಮೇಷ್ಟರು. 2005ರಲ್ಲಿ ತೀರಿಕೊಂಡಾಗ ಅವರಿಗೆ ತೊಂಬತ್ತೈದು ವರ್ಷ. ಗಾಂಧೀಜಿ ಹತರಾದ 1948ರಲ್ಲಿಯೇ ವಿಜ್ಞಾನಿಗಳು ಬಿ-12 ಜೀವಸತ್ವವನ್ನು ಬೇರ್ಪಡಿಸಿದರು. ಸಸ್ಯಾಹಾರದಿಂದ ಅದು ನೆಚ್ಚುವಂತೆ ದೊರೆಯದು, ಹಾಲಿನಲ್ಲಿದೆ. 1919ರ ಕಾಯಿಲೆಗೆ ಅದರ ಕೊರತೆಯೇ ಕಾರಣವೆಂದು ನಾನು ಹೇಳುತ್ತಿಲ್ಲ. ಆದರೆ ನನ್ನ ವೈದ್ಯರು ಬರೆದುಕೊಟ್ಟಿರುವ ಪುಟ್ಟ ಮಾತ್ರೆಯನ್ನು ನುಂಗುವಾಗಲೆಲ್ಲ ಅವರ ನೆನಪಾಗುತ್ತದೆ. ಈ ದಾರಿಗೆ ಬರಬಯಸುವ ನನ್ನ ಶಿಷ್ಯರು ದಯವಿಟ್ಟು ಆ ಮಾತ್ರೆಯನ್ನು ಮರೆಯಬಾರದು.

ನನ್ನ ಮನೆಯ ವಾರ್ತೆ ಇಷ್ಟು. ಬೆಳಿಗ್ಗೆ ಬೆಲ್ಲದ ಕಪ್ಪು ಕಾಫಿ ರೂಢಿಯಾಗಿದೆ. ಕಾಯಿಹಾಲಿನ ಪಾಯಸದ ಬಗ್ಗೆ ದೂರಿಲ್ಲ; ಅದು ಮೊದಲಿಂದಲೂ ನಮ್ಮದೇ. ನನ್ನ ಮನೆಯಾಕೆ ಮಾತ್ರ ಎಂದಿನಂತೆ ಬೆಣ್ಣೆ ಕಾಯಿಸುತ್ತಾಳೆ. ಕೊನೆಯಲ್ಲಿ ವೀಳ್ಯದೆಲೆ ಹಾಕಿದಾಗ ಏಳುವ ಆ ಚುರುಗುಟ್ಟುವ ಸದ್ದಿಗೂ ಘಮಕ್ಕೂ ನಾನು ಎದ್ದು ಅಂಗಳಕ್ಕೆ ಹೋಗುತ್ತೇನೆ. ಕಡಲೆಕಾಯಿಯ ಹಾಲಿಗೆ ಮೆಣಸಿನಕಾಯಿಯ ತೊಟ್ಟು ಹಾಕಿ ಮೊಸರು ಮಾಡುವ ಪ್ರಯತ್ನ ನಡೆದಿದೆ. ಮೂರು ಬಾರಿ ಒಡೆಯಿತು, ನಾಲ್ಕನೆಯ ಬಾರಿ ಸುಮಾರಾಗಿ ಹೆಪ್ಪುಗಟ್ಟಿತು. ಯುಗಾದಿಯ ದಿನ ಒಬ್ಬಟ್ಟಿನ ಮೇಲೆ ತುಪ್ಪ ಬಿದ್ದಿತ್ತು, ತಿಂದೆ. ತಿಂದದ್ದನ್ನು ಸಂಜೆ ತಂಗಿಗೆ ಫೋನು ಮಾಡಿ ಹೇಳಿದೆ, ಮೊಸರಿನಲ್ಲಿ ಹಾಲು ಇದೆಯೆಂಬುದನ್ನೂ ಸೇರಿಸಿ. ಆ ದಿನ ಎರಡನೆಯ ಒಬ್ಬಟ್ಟು ಹಾಕಿಸಿಕೊಳ್ಳಲಿಲ್ಲ.

1986ರ ಆ ಹುಡುಗನಿಗೆ ಈಗ ಐವತ್ತು ದಾಟಿರಬೇಕು. ಅವನ ಹೆಸರು ನನಗೆ ಚೆನ್ನಾಗಿ ನೆನಪಿದೆ. ಎಲ್ಲರ ಎದುರಿಗೆ ಮತ್ತೊಮ್ಮೆ ನಿಲ್ಲಿಸಿದಂತಾಗಬಾರದೆಂದು ಇಲ್ಲಿ ಬರೆದಿಲ್ಲ. ಅವನ ಸಹಪಾಠಿಗಳು ಇದನ್ನು ಓದಿದರೆ ಅವನಿಗೆ ತಲುಪಿಸಿ. ಅಪ್ಪಾ, ಅಂದು ನೀನು ಕೇಳಿದ್ದು ಸರಿಯಾದ ಪ್ರಶ್ನೆ. ಉತ್ತರ ನಮ್ಮ ಶಾಲೆಯ ಗ್ರಂಥಭಂಡಾರದ ಬೀರುವಿನಲ್ಲಿಯೇ ಇತ್ತು. ಬೀರುವಿನ ಬೀಗದ ಕೈ ನನ್ನ ಬಳಿ ಇತ್ತು.