ಶ್ರೀರಂಗಪಟ್ಟಣ ಟ್ರಿಪ್: ಮಾರ್ಚ್‌ನಲ್ಲೇ ಯಾಕೆ?

1/6
ಮೊನ್ನೆ ನಮ್ಮ ಕ್ಲಾಸಿನವರೆಲ್ಲ ಬಸ್ ಮಾಡ್ಕೊಂಡು ಶ್ರೀರಂಗಪಟ್ಟಣಕ್ಕೆ ಹೋಗಿದ್ವಲ್ಲ, ಇದನ್ನ ಓದ್ತಿರೋ ಅರ್ಧ ಜನ ಅದೇ ಬಸ್ಸಲ್ಲಿ ಇದ್ರಿ. ಹೊಂಗೆ ಚಿಗುರು, ಕಾವೇರಿ ತಳದ ಬಂಡೆಯೆಲ್ಲ ಕಾಣೋಷ್ಟು ಕಮ್ಮಿ ನೀರು. "ಮಾರ್ಚೇ ಬೆಸ್ಟ್ ಟೈಮ್ ಮಗಾ" ಅಂತ ಎಲ್ರೂ ಹೇಳಿದ್ದೇ. ಕೋಟೆ ಗೋಡೆ ಹತ್ರ ನಿಂತಾಗ ನನಗೆ ಹೊಳೆದಿದ್ದು: ಈ ಊರಿಗೆ ಮುತ್ತಿಗೆ ಹಾಕಿದವರಿಗೂ ಇದೇ ಬೆಸ್ಟ್ ಟೈಮ್ ಆಗಿತ್ತು.

2/6
ಶ್ರೀರಂಗಪಟ್ಟಣ ಒಂದು ದ್ವೀಪ. ಮಳೆಗಾಲದಲ್ಲಿ ನದಿ ತುಂಬಿದ್ರೆ ಸೈನ್ಯ ದಾಟೋದು ಕಷ್ಟ. ಗೋಡೆಯಷ್ಟೇ ಕಾವೇರಿಯೂ ಕೋಟೆ! 1791ರ ಮೇ ತಿಂಗಳಲ್ಲಿ ಲಾರ್ಡ್ ಕಾರ್ನ್‌ವಾಲಿಸ್ ಇಲ್ಲಿವರೆಗೂ ಬಂದ, ಅರಕೆರೆ ಹತ್ರ ಯುದ್ಧವನ್ನೂ ಗೆದ್ದ. ಆದರೆ ದಿನಸಿ ಇಲ್ಲ, ಬಂಡಿ ಎಳೆಯೋ ಎತ್ತುಗಳು ಸಾಯ್ತಿವೆ, ಮಳೆ ಬೇರೆ. ಕೊನೆಗೆ ತನ್ನ ದೊಡ್ಡ ಫಿರಂಗಿಗಳನ್ನ ತಾನೇ ಹಾಳು ಮಾಡಿ ವಾಪಸ್ ಹೊರಟ. ಮುಂದಿನ ಸಲ ತಪ್ಪು ಮಾಡಲಿಲ್ಲ. 1792ರ ಫೆಬ್ರವರಿ 6ರ ರಾತ್ರಿಯೇ ದಾಳಿ ಮಾಡಿದ.

3/6
ಗುಂಬಜ್ ಮುಂದೆ ಗ್ರೂಪ್ ಫೋಟೋ ತೆಗೆದ್ವಲ್ಲ, ಆ ತೋಟದ ಹೆಸರೂ ಲಾಲ್‌ಬಾಗ್. 1782ರಲ್ಲಿ ತೀರಿಕೊಂಡ ಹೈದರ್ ಅಲಿಯ ಸಮಾಧಿ ಅಲ್ಲೇ ಇದೆ. 1792ರಲ್ಲಿ ಆ ತೋಟ ಕಂಪನಿ ಸೈನ್ಯದ ಕೈಗೆ ಬಿತ್ತು. ಅಲ್ಲಿದ್ದ ಸೈಪ್ರಸ್ ಮರಗಳನ್ನ ಕಡಿದ್ರು. ಮುತ್ತಿಗೆ ಕೆಲಸಕ್ಕೆ ಕೊಂಬೆಗಳ ಹೊರೆ ಬೇಕು, ಮಣ್ಣು ತುಂಬಿ ಗುಂಡಿಗೆ ಅಡ್ಡ ಇಡೋ ಬುಟ್ಟಿಗಳು ಬೇಕು. ಅಪ್ಪನ ಸಮಾಧಿ ತೋಟದ ಮರಗಳೇ ಮಗನ ಕೋಟೆ ವಿರುದ್ಧ ಬಳಕೆಯಾದವು.

4/6
ಈಗ ನಮ್ಮ ಬಿಕಾಂ ಸಬ್ಜೆಕ್ಟ್. ಆ ಮಾರ್ಚ್‌ನಲ್ಲಿ ಒಪ್ಪಂದ ಆಯ್ತು. ಟಿಪ್ಪು ಅರ್ಧ ರಾಜ್ಯ ಬಿಟ್ಟುಕೊಡಬೇಕು, ಜೊತೆಗೆ 3 ಕೋಟಿ 30 ಲಕ್ಷ ರೂಪಾಯಿ. ಅರ್ಧ ತಕ್ಷಣ, ಉಳಿದದ್ದು ಕಂತಲ್ಲಿ. ಕಂತಿಗೆ ಅಡಮಾನ ಏನು ಗೊತ್ತಾ? ಟಿಪ್ಪುವಿನ ಇಬ್ಬರು ಚಿಕ್ಕ ಗಂಡು ಮಕ್ಕಳು. ಅವರು ಮನೆಗೆ ಬಂದಿದ್ದು 1794ರಲ್ಲಿ. ಪರೀಕ್ಷೆಗೆ ಅಡಮಾನದ ವ್ಯಾಖ್ಯೆ ಉರು ಹೊಡೆದವನು ನಾನು. ಅದರಲ್ಲಿ ಆಸ್ತಿ ಅಂತ ಬರುತ್ತೆ, ಮಕ್ಕಳು ಅಂತ ಬರಲ್ಲ.

5/6
ದರಿಯಾ ದೌಲತ್ ಬಾಗ್ ನೆನಪಿದೆಯಾ? 1784ರ ಬೇಸಿಗೆ ಅರಮನೆ. ಪಶ್ಚಿಮದ ಗೋಡೆ ಮೇಲೆ 1780ರ ಪೊಲ್ಲಿಲೂರು ಯುದ್ಧದ ಚಿತ್ರ: ಸೋತ ಕರ್ನಲ್ ಬೈಲಿ ಪಲ್ಲಕ್ಕಿಯಲ್ಲಿ ಕೂತಿದ್ದಾನೆ. ಆ ಯುದ್ಧದಲ್ಲಿ ಸೆರೆಸಿಕ್ಕವರಲ್ಲಿ ಡೇವಿಡ್ ಬೇರ್ಡ್ ಅನ್ನೋನೂ ಒಬ್ಬ. ವರ್ಷಗಟ್ಟಲೆ ಇದೇ ಊರಲ್ಲಿ ಬಂದಿಯಾಗಿದ್ದ. 1799ರ ಮೇ 4ರಂದು, ಮಳೆಗೆ ಮುಂಚೆ, ಕಾವೇರಿಯ ಕಮ್ಮಿ ನೀರು ದಾಟಿ ಒಡೆದ ಗೋಡೆಯೊಳಗೆ ಪಡೆ ನುಗ್ಗಿಸಿದ್ದು ಅವನೇ. ಅವತ್ತೇ ಟಿಪ್ಪು ಸತ್ತಿದ್ದು. ಆಮೇಲೆ ಆ ಅರಮನೆಯಲ್ಲಿ ವಾಸ ಮಾಡಿದವನು ಆರ್ಥರ್ ವೆಲ್ಲೆಸ್ಲಿ, ಮುಂದೆ ವಾಟರ್‌ಲೂನಲ್ಲಿ ನೆಪೋಲಿಯನ್ನನ್ನ ಸೋಲಿಸಿದವನು. ತನ್ನವರು ಸೋತ ಚಿತ್ರ ಇರೋ ಮನೆಯಲ್ಲೇ!

6/6
ಟಿಪ್ಪು ಒಳ್ಳೆಯವನಾ ಕೆಟ್ಟವನಾ ಅಂತ ಬಸ್ಸಲ್ಲಿ ಮದ್ದೂರು ದಾಟೋವರೆಗೂ ಜಗಳ ಆಡಿದ್ವಿ. ಆಡಬಾರದು ಅಂತಲ್ಲ. ಆದರೆ ಆ ಜಗಳದಲ್ಲಿ ಸತ್ತ ಎತ್ತುಗಳು, ಕಡಿದ ಮರಗಳು, ಅಡಮಾನ ಹೋದ ಆ ಇಬ್ಬರು ಮಕ್ಕಳು ಒಂದು ಸಲನೂ ಬರಲಿಲ್ಲ. ನನ್ನ ಬಾಯಲ್ಲೂ ಬರಲಿಲ್ಲ, ಅದಕ್ಕೇ ಇಷ್ಟುದ್ದ ಬರೆದೆ.

ಗುಂಬಜ್ ಮುಂದಿನ ನಮ್ಮ ಗ್ರೂಪ್ ಫೋಟೋ ಮತ್ತೊಮ್ಮೆ ತೆಗೆದು ನೋಡಿ. ನಮ್ಮ ಮುಖ ಬಿಡಿ, ಹಿಂದಿರೋ ಮರಗಳನ್ನ ನೋಡಿ. ಫೋಟೋ ಇಲ್ದೇ ಇರೋರು ಕಾಮೆಂಟಲ್ಲಿ ಹೇಳಿ, ಕಳಿಸ್ತೀನಿ.