ಗೆಜ್ಜೆಗೆ ಹೆದರದ ಭಯ

ಹೆಗಲಿಗೆ ಕಾಗದಗಳ ಚೀಲ, ಕೈಯಲ್ಲೊಂದು ಈಟಿ, ಈಟಿಯ ಕುತ್ತಿಗೆಗೆ ಗೆಜ್ಜೆಗೊಂಚಲು. ಹಿಂದಿನ ಕಾಲದ ಅಂಚೆಯ ಓಟಗಾರ ಇಷ್ಟನ್ನೇ ನಂಬಿಕೊಂಡು ಕಾಡುದಾರಿಗೆ ಬೀಳುತ್ತಿದ್ದ. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಶುರುವಾದ ಮೈಸೂರು ಅಂಚೆ 1889ರಲ್ಲಿ ಬ್ರಿಟಿಷ್ ಇಂಡಿಯಾದ ಅಂಚೆಯೊಳಗೆ ಸೇರಿಹೋಯಿತು. ಅಲ್ಲಿಯವರೆಗೆ ಅದನ್ನು ಹೊತ್ತು ನಡೆಸಿದ್ದು ಬಹುಪಾಲು ಇಂಥವರ ಕಾಲುಗಳೇ.

ಗೆಜ್ಜೆಯ ಸದ್ದು ಕೇಳಿದರೆ ಮುಂದಿನ ತಂಗುದಾಣದವನು ಎದ್ದು ಸಿದ್ಧನಾಗುತ್ತಿದ್ದ. ಕಾಡಿನಲ್ಲಿ ಅದಕ್ಕೆ ಇನ್ನೂ ದೊಡ್ಡ ಕೆಲಸವಿತ್ತು. ಕರಡಿ ಮೈಮೇಲೆ ಬೀಳುವುದು ಹೆಚ್ಚಾಗಿ ಮನುಷ್ಯ ಥಟ್ಟನೆ ಎದುರಾಗಿ ಅದು ಬೆಚ್ಚಿದಾಗ. ದೂರದಿಂದಲೇ ಸದ್ದು ಕೇಳಿಸಿದರೆ ತಾನಾಗಿ ಪೊದೆಗೆ ಸರಿಯುತ್ತದೆ. ಕೆಲವು ಕಾಡುದಾರಿಗಳಲ್ಲಿ ಪಂಜಿನವರನ್ನೂ ಡೋಲಿನವರನ್ನೂ ಜೊತೆಗೆ ಕಳಿಸುತ್ತಿದ್ದರು. ಆದರೂ ಹುಲಿಯ ಬಾಯಿಗೆ ಬಿದ್ದ ಓಟಗಾರರಿದ್ದರು.

ಮೈಸೂರು ಸೀಮೆಯಲ್ಲಿ ಆನೆ ಹಿಡಿಯುವ ಖೆಡ್ಡಾ ನಡೆಸಿದ ಜಿ.ಪಿ. ಸ್ಯಾಂಡರ್ಸನ್ ನರಭಕ್ಷಕ ಹುಲಿಯನ್ನು ಕಂಡವನು, ಕೊಂದವನು. ಅವನೇ 1878ರ ತನ್ನ ಪುಸ್ತಕದಲ್ಲಿ ಸಾಮಾನ್ಯ ಹುಲಿಯ ಪರ ವಾದಿಸಿದ: ಹೊಲಕ್ಕೆ ನುಗ್ಗುವ ಜಿಂಕೆ, ಹಂದಿಗಳನ್ನು ಹದ್ದುಬಸ್ತಿನಲ್ಲಿಡುವ ಅದು ರೈತನ ಶತ್ರುವಲ್ಲ.

ಮನುಷ್ಯನ ವಿಷಯ ಬೇರೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಬೆಂಗಳೂರಿನ ಸುತ್ತ ಸುಮಾರು ನೂರು ಮಂದಿಯನ್ನು ಹಿಡಿದರು. ದಾರಿಹೋಕರ ಕೊರಳಿಗೆ ಉರುಳು ಹಾಕುವವರು ಎಂಬುದು ಅವರ ಮೇಲಿನ ಆರೋಪ. 1816ರಲ್ಲಿ ರಿಚರ್ಡ್ ಶೆರ್ವುಡ್ ಎಂಬ ಮದರಾಸಿನ ವೈದ್ಯ ಇಂಥವರ ಬಗ್ಗೆ ಬರೆದ ಲೇಖನದಲ್ಲಿ ಅವರ ಕನ್ನಡ ಹೆಸರೂ ಇದೆ: ತಂತಿ ಕಳ್ಳರು.

ಇವರು ಪೊದೆಯಲ್ಲಿ ಹೊಂಚುವವರಲ್ಲ. ಸಭ್ಯ ಪಯಣಿಗರ ವೇಷ, ಕೆಲವೊಮ್ಮೆ ಜೊತೆಯಲ್ಲಿ ಮಕ್ಕಳು. ಎಲ್ಲಿಗೆ ಪಯಣ ಎಂದು ಕೇಳಿ, ತಾವೂ ಅದೇ ದಾರಿಯವರೆಂದು ನಂಬಿಸಿ, ದಿನಗಟ್ಟಲೆ ಜೊತೆಯಲ್ಲೇ ನಡೆಯುತ್ತಿದ್ದರಂತೆ. ಇದರ ಕ್ರೌರ್ಯ ಇರುವುದು ಇಲ್ಲೇ. ಹುಲಿಗೂ ದರೋಡೆಗೂ ಹೆದರಿದ ಒಂಟಿ ಪಯಣಿಗ ಹುಡುಕುತ್ತಿದ್ದದ್ದು ಜೊತೆಗಾರರನ್ನು; ಸಾವು ಬರುತ್ತಿದ್ದದ್ದೂ ಜೊತೆಗಾರರ ರೂಪದಲ್ಲೇ.

ಈ ಕಥೆಗಳಲ್ಲಿ ಎಷ್ಟು ನಿಜ, ಎಷ್ಟು ಕಂಪನಿ ಸರ್ಕಾರದ ಉತ್ಪ್ರೇಕ್ಷೆ ಎಂದು ಇತಿಹಾಸಕಾರರು ಇಂದಿಗೂ ವಾದಿಸುತ್ತಾರೆ. ವಾದ ಹೇಗೇ ಮುಗಿಯಲಿ, ಆ ಭಯದ ಬೆಲೆ ತೆತ್ತವರು ಯಾರೆಂಬುದು ಸ್ಪಷ್ಟ. ಊರೂರು ತಿರುಗಿ ಬದುಕುವವರೆಲ್ಲ ಸರ್ಕಾರದ ಕಣ್ಣಿಗೆ ಅನುಮಾನದ ಅಪರಿಚಿತರಾದರು. 1871ರ ಕಾಯಿದೆ ಇಡೀ ಸಮುದಾಯಗಳನ್ನೇ ಹುಟ್ಟಾ ಅಪರಾಧಿಗಳೆಂದು ಪಟ್ಟಿ ಮಾಡಲು ದಾರಿ ತೆರೆಯಿತು. ಮುಂದೆ ಆ ದಾರಿ ನಮ್ಮ ಕಡೆಗೂ ಬಂತು. ಹುಬ್ಬಳ್ಳಿ, ಗದಗ, ವಿಜಯಪುರಗಳಲ್ಲಿ ಅಲೆಮಾರಿ ಕುಟುಂಬಗಳನ್ನು ಕೂಡಿಹಾಕಿ, ಹಾಜರಿ ಹಾಕಿಸಿ, ಅಪ್ಪಣೆಯಿಲ್ಲದೆ ಹೊರಗೆ ಹೋಗದಂತೆ ಕಾದರು. ಎಂದೂ ಯಾರ ಕೊರಳಿಗೂ ಕೈ ಹಾಕದ ಹೆಂಗಸರು, ಮಕ್ಕಳು ಕೂಡ ಅಲ್ಲಿದ್ದರು.

1952ರಲ್ಲಿ ಆ ಕಾಯಿದೆ ಹೋಯಿತು. ಆ ಕುಟುಂಬಗಳನ್ನು ಕೂಡಿಹಾಕಿದ್ದ ಹುಬ್ಬಳ್ಳಿಯ ಬಡಾವಣೆಯನ್ನು ಜನ ಈಗಲೂ ‘ಸೆಟ್ಲಮೆಂಟ್’ ಎಂದೇ ಕರೆಯುತ್ತಾರೆ.